ಡಬ್ಬಿಯ ಮೇಲೆ ಬರೆಯದ್ದು

ನೇರ ಬಿಸಿಲು ಬೀಳಬಾರದು, ಮರ ಒಣಗಿರಬೇಕು,
ಮಳೆಯ ಸುಳಿವಿರಬಾರದು ಒಂದು ಹಗಲು, ಒಂದು ರಾತ್ರಿ:
ಇಷ್ಟು ಡಬ್ಬಿಯ ಮೇಲಿದೆ, ಇರುವೆಯಂಥ ಅಕ್ಷರದಲ್ಲಿ.

ಉಳಿದದ್ದು ರಜಾಕ್ ಉಸ್ತಾದರ ಬಾಯಿಂದ.
ಹೋದ ಮನೆಯಲ್ಲಿ ಮೊದಲು ಉಪ್ಪಿನ ಭರಣಿ ಕೇಳು.
ಉಪ್ಪು ಬೆವೆತಿದ್ದರೆ ಚಹಾ ಕುಡಿದು ವಾಪಸ್ ಬಾ.
ನಂದಿ ಬೆಟ್ಟದ ಸೊಂಟ ಬಿಟ್ಟು ಮಂಜು ಏಳುವ ತನಕ
ಬ್ರಶ್ಶು ನೆನೆಸಬೇಡ.
ಶಿವರಾತ್ರಿ ಕಳೆದ ಮೇಲೆ ಹನ್ನೊಂದರಾಚೆ ಮುಟ್ಟಬೇಡ,
ಒರೆಸುವ ಮೊದಲೇ ಹೀರಿಕೊಂಡು
ಹಲಗೆ ಹುಲಿಪಟ್ಟೆ ಆಗುತ್ತೆ.
ಸಂಜೆ ಬಳಿದೆಯೋ, ಇಬ್ಬನಿ ಕೂತು
ಬೆಳಗ್ಗೆ ನೋಡು, ಬೂದಿ ಬಳಿದ ಸನ್ಯಾಸಿ.

ಜಂಗಮಕೋಟೆಯ ಪಿಳ್ಳಮ್ಮನ ಮನೆಗೆ ಹೊಸ ಬಾಗಿಲು,
ಬೇವಿನ ಮರದ್ದು, ಜೋಡಿ ಕದ.
ಕಾರ್ತಿಕದ ಕೊನೆ. ಉಪ್ಪು ಪುಡಿಪುಡಿ,
ಆಕಾಶ ತೊಳೆದಿಟ್ಟ ಸ್ಟೀಲ್ ತಟ್ಟೆ.
ಮುಚ್ಚಳಕ್ಕೆ ಸ್ಕ್ರೂಡ್ರೈವರ್ ಹಾಕಿದೆ, ಅಷ್ಟೇ,
ಸೊಪ್ಪಿನ ಮಂಕರಿ ಇಳಿಸಿ ಒಳಗಿಂದ ಓಡಿಬಂದಳು:
"ಬಾಷಾ, ಮುಚ್ಚು! ಹುಳು ಇವತ್ತು
ನಾಲ್ಕನೇ ಜ್ವರದಿಂದ ಎದ್ದಿದೆ.
ಆ ವಾಸನೆ ಒಂದೆಳೆ ಒಳಗೆ ಹೋದರೂ
ನೂರು ಮೊಟ್ಟೆಯ ಬೆಳೆ ತಿಪ್ಪೆಗೆ."

ಮುಚ್ಚಿದೆ.
ಹದಿಮೂರು ದಿನ. ಹದಿಮೂರೂ ದಿನ
ಉಸ್ತಾದರು ಕನಸು ಕಾಣುವಂಥ ಹವೆ.
ಬೇರೆ ಕೆಲಸಕ್ಕೆ ಸೈಕಲ್ಲಿನಲ್ಲಿ ಹೋಗುವಾಗ
ಬ್ರೇಕು ಹಿಡಿದು ಆ ಬೋಳು ಕದಕ್ಕೆ ಕಿವಿಯಿಟ್ಟೆ.
ಒಳಗೆ ಹುಳು ಸೊಪ್ಪು ಮೇಯುವ ಸದ್ದು,
ಯಾರೋ ನಯವಾದ ಉಪ್ಪುಕಾಗದ ಹಿಡಿದು
ಬಿಡದೆ ಮರ ಉಜ್ಜಿದ ಹಾಗೆ.

ಹುಳು ಹಣ್ಣಾಯಿತು, ಚಂದ್ರಂಕಿ ಹತ್ತಿತು.
ಗೂಡು ಚೀಲಕ್ಕೆ ಬಿದ್ದು
ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಹೋದ ಬೆಳಗ್ಗೆ
ಮೋಡ.
ಬೂದು ಬಣ್ಣ, ತೀರಾ ಎತ್ತರದ್ದು,
ಯಾವುದಕ್ಕೂ ನೆರಳಿಲ್ಲದ ದಿನ.
ಪಿಳ್ಳಮ್ಮ ತಾನೇ ಭರಣಿ ತಂದು ಮುಂದಿಟ್ಟಳು.
"ಬಿಸಿಲೂ ಇಲ್ಲ ಮಳೆಯೂ ಇಲ್ಲ, ಇದೆಂಥ ಹವೆ?"
ಉಪ್ಪು ಹಿಡಿದು ಉದುರಿಸಿ ನೋಡಿದೆ.
ಇದೇ, ಅಂದೆ.

ಎಳೆಯ ಜಾಡಿನಲ್ಲೇ ಬಳಿದೆ, ಒರೆಸಿದೆ.
ಗಾಢ, ಸಮ, ಒಂದು ಪಟ್ಟೆಯಿಲ್ಲ.
ಎಡ ಕದದಲ್ಲಿ, ಚಿಲಕದ ಕೆಳಗೆ,
ಒಂದು ಕಡೆ ಮಾತ್ರ ಬಣ್ಣ ನಿಲ್ಲಲಿಲ್ಲ:
ಹಿಪ್ಪುನೇರಳೆಯ ಹಾಲು ಮೆತ್ತಿದ ಹೆಬ್ಬೆರಳು
ಯಾವತ್ತೋ ಒತ್ತಿ ಬಾಗಿಲು ತಳ್ಳಿದ ಗುರುತು,
ಗೆರೆಗೆರೆಯೂ ಬಿಳಿಚಿ.

ಉಜ್ಜಿ ತೆಗೆಯಬಹುದಿತ್ತು,
ಉಪ್ಪುಕಾಗದ ಜೇಬಿನಲ್ಲೇ ಇತ್ತು.
ಕೂಲಿ ಎಣಿಸುತ್ತ ಎಣಿಸುತ್ತ
ಅವಳ ಕಣ್ಣು ಅಲ್ಲೇ ನಿಂತಿತು.
"ಇದಕ್ಕೆ ಎಷ್ಟು ಕಮ್ಮಿ ಮಾಡ್ತೀಯ?" ಅಂದಳು.