ವಾರ್ನಿಶ್ ಹಚ್ಚಿದ ದಿನ

ಹೋದ ಈಸ್ಟರಿಗೇ ಮುಗಿದಿತ್ತು ಚಿತ್ರ.
ವರ್ಷ ಕಾಯಬೇಕು ಅಂದಿದ್ದಳು ಅಕ್ಕ ವೆಲ್ಟಾ,
ಎಣ್ಣೆಬಣ್ಣ ಒಣಗುವುದು ಒಳಗೊಳಗೇ, ಯಾರಿಗೂ ಹೇಳದೆ.
ಇವತ್ತು, ಬಿಳಿ ದಪ್ಪ ಕೂತ ಕಡೆ, ಅಪ್ಪನ ಕಾಲರಿನಲ್ಲಿ
ಉಗುರೂರಿ ನೋಡಿದಳು.
ಗುರುತು ಬೀಳಲಿಲ್ಲ.

ಲಿಯೆಪಾಯದ ಗಾಳಿಗೆ ರಜೆಯೆಂಬುದಿಲ್ಲ.
ಕಿಟಕಿ ಮುಚ್ಚಿದೆವು. ಕೆಟಲ್ ಆರಿಸಿದೆವು,
ಹಬೆ ತಾಗಿದರೆ ಬೂದು ಕಟ್ಟುತ್ತದಂತೆ.
ರೂಡಿಸನನ್ನು ಹೊರಗೆ ದಬ್ಬಿದೆವು: ಕೂದಲುದುರುವ ಕಾಲ,
ಮೊನ್ನೆ ಬೀಟ್‌ರೂಟ್ ಸೂಪಿನಲ್ಲೂ ಅವನೇ.

ಅಡುಗೆಮನೆಯ ಮೇಜಿನ ಮೇಲೆ ಅಂಗಾತ ಅಪ್ಪ,
ಟ್ರಾಮ್ ಓಡಿಸುವ ಸಮವಸ್ತ್ರದಲ್ಲಿ.
ಎಣ್ಣೆಯೆಲ್ಲ ಇಂಗಿ ಕೋಟು
ಒರೆಸಿದ ಸ್ಲೇಟಿನ ಹಾಗೆ.
ಪಕ್ಕದಲ್ಲಿ ನಿಂತಿದ್ದ ಅಪ್ಪ
"ಮಿಕ್ಕರೆ ನನಗೂ ಒಂದು ಕೈ ಬಳಿ" ಅಂದ.

ಅಗಲ ಕುಂಚ. ಅಂಚಿನಿಂದ ಅಂಚಿಗೆ.
ಹೋದ ದಾರಿಗೆ ಮತ್ತೆ ಹೋಗುವಂತಿಲ್ಲ,
ಅಕ್ಕ ಉಸಿರು ಬಿಟ್ಟದ್ದೂ ಗೋಡೆಯ ಕಡೆಗೆ.
ಕೋಟಿಗೆ ಕಪ್ಪು ಬಂತು, ಗುಂಡಿಗಳಿಗೆ ಹಿತ್ತಾಳೆ ಬಂತು,
ಕುರ್ಚಿಯಡಿಯ ಕತ್ತಲಲ್ಲಿ
ಏನೋ ಮಿಸುಕಿದಂತಾಗಿ
ಎರಡು ಒದ್ದೆ ಕಣ್ಣು.
ತಾನೇ ಬರೆದದ್ದು. ತಾನೇ ಮರೆತದ್ದು.

ಹೊರಗೆ ಬಾಗಿಲು ಕೆರೆಯುವ ಸದ್ದು.

ಓರೆ ಬೆಳಕಿಗೆ ಬಗ್ಗಿ ನೋಡಿದರೆ
ಅಪ್ಪನ ಹಣೆಯ ಮೇಲೊಂದು ಕೆಂಚು ಕೂದಲು
ಆಗಲೇ ಅಂಟಿ ಕೂತಿದೆ.
ಚಿಮಟ ತಂದೆ. ಅಕ್ಕ ಕೈ ಹಿಡಿದಳು:
"ವಾರ್ನಿಶ್ ಎಂದರೆ ತೆಗೆಯಲೆಂದೇ ಹಚ್ಚುವುದು,
ಎಪ್ಪತ್ತು ವರ್ಷ ಬಿಟ್ಟು ಯಾರೋ ಒರೆಸುತ್ತಾರೆ.
ಅವರೂ ಕೇಳಿಕೊಳ್ಳಲಿ, ಯಾರದಪ್ಪಾ ಇದು ಅಂತ."

ಅಷ್ಟರಲ್ಲಿ ಅಪ್ಪ, ಪಾಪ ಅನ್ನುತ್ತ,
ಬಾಗಿಲು ತೆಗೆದೇಬಿಟ್ಟ.