ಬಾಡಿಗೆ ಹಣ್ಣು

ಹುಸೇನಬಿ ಹಣ್ಣು ಬಾಡಿಗೆಗೆ ಕೊಡುತ್ತಿದ್ದಳು.
ಮೂರು ತಾಸಿಗೆ ಮೂವತ್ತು ರೂಪಾಯಿ,
ಕಚ್ಚಿದರೆ, ಕೆಳಗೆ ಬಿದ್ದರೆ, ಪೂರಾ ರೇಟು.
ವಿಜಯಪುರದ ನಮ್ಮ ಚಿತ್ರಶಾಲೆಯ ಗೋಡೆಗೆ ಒತ್ತಿ ಅವಳ ಕೈಗಾಡಿ.
ಬುಧವಾರ ಹನ್ನೆರಡಕ್ಕೆ ತಕ್ಕಡಿ ಸಮೇತ ಒಳಗೆ ಬಂದು
ತೂಗಿ, ಎಣಿಸಿ ಒಪ್ಪಿಸುವಳು:
ತಿಕೋಟಾದ ದ್ರಾಕ್ಷಿ ಎರಡು ಗೊಂಚಲು,
ಇಂಡಿಯ ನಿಂಬೆ ಏಳು,
ದಾಳಿಂಬೆ ನಾಲ್ಕು, ಸೀಳಿದ ಒಂದಕ್ಕೆ ಬೇರೆ ರೊಕ್ಕ,
ಗಿಳಿ ಕಚ್ಚಿದ ಪೇರಲ ಒಂದು, ಪುಕ್ಕಟೆ.

ಬಡಿಗೇರ ಸರ್ ಎಲ್ಲವನ್ನೂ ಬಿಳಿ ಧೋತರದ ಮೇಲೆ ಸುರುವಿದರು.
ಜೋಡಿಸಲಿಲ್ಲ.
‘ಹಣ್ಣು ಬಿಡ್ರಿ,
ಹಣ್ಣಿನ ಮ್ಯಾಲ ಏನ್ ಬಂದು ಕುಂತದ, ಅದನ್ನ ತೆಗೀರಿ.’
ಸಿದರಾಯ ಎದ್ದು ಹೋಗಿ ನೊಣ ಹೊಡೆದ.

ಆಮೇಲೆ ಅವರು ಚೀಲದಿಂದ ತೆಗೆದದ್ದು
ಮಡಚಿ ಮಡಚಿ ಸವೆದ ಒಂದು ಹಾಳೆ.
ಫ್ರಾನ್ಸಿನ ಯಾರದೋ ಮೇಜು, ಸೇಬು, ಪೀಚು.
ಪೀಚಿನ ರುಚಿ ನಮಗೂ ಗೊತ್ತಿಲ್ಲ, ಸರ್‌ಗೂ ಗೊತ್ತಿಲ್ಲ.
ಮಡಿಕೆ ಹಾದಲ್ಲಿ ಸೇಬಿಗೊಂದು ಬಿಳಿ ಗಾಯ.
ಹತ್ತಿರ ಹಿಡಿದರೆ ಬರೀ ಬಣ್ಣದ ಗೀಚು,
ಗೋಡೆಗೆ ಆನಿಸಿದರೆ ಬಾಯಲ್ಲಿ ನೀರು.
ಅಲ್ಲಿಯ ಬಿಸಿಲು ನೀರು ಬೆರೆಸಿದ ಹಾಲು;
ನಮ್ಮದು ಫೆಬ್ರವರಿಯಲ್ಲೇ ಕಾದ ಹಂಚು.

ನಾನು ನಿಂಬೆಯ ನೆರಳಿಗೆ ಕಪ್ಪು ಹಚ್ಚಿದೆ.
ಸರ್ ಬಂದರು, ಕಪ್ಪಿನ ಟ್ಯೂಬು ಎತ್ತಿ
ಅಂಗಿಯ ಕಿಸೆಗೆ ಹಾಕಿಕೊಂಡು ಮುಂದೆ ಹೋದರು.
ಕಪ್ಪು ಇಲ್ಲದವಳು ಏನು ಮಾಡಬೇಕು? ನೋಡಬೇಕು.
ನೋಡಿದೆ.
ನೆರಳು ನೀಲಿ ಇತ್ತು,
ಅವ್ವ ಕೊನೆಯ ನೀರಿಗೆ ಹನಿಸುವ ನೀಲಿ,
ಅದರೊಳಗೆ ನಿಂಬೆ ಇಳಿಬಿಟ್ಟ ಒಂಚೂರು ಹಸಿರು.
ಕಲಸಿ ಕುಂಚಕ್ಕೆ ತಗೊಳ್ಳುವಷ್ಟರಲ್ಲಿ
ನೆರಳು ಎರಡು ಬೆರಳು ಆಚೆ ಸರಿದು
ದಾಳಿಂಬೆಗೆ ತಾಗಿ ಕೆಂಪಾಗಿತ್ತು.
ಹೀಗೇ ಮೂರು ತಾಸು, ನಾನು ಹಿಂದೆ, ಅದು ಮುಂದೆ.

ಮೂರಕ್ಕೆ ಹುಸೇನಬಿ ಬಂದಳು, ತೂಗಿದಳು.
ದ್ರಾಕ್ಷಿ ಐವತ್ತು ಗ್ರಾಂ ಕಡಿಮೆ.
‘ಯಾರ್ ತಿಂದ್ರಿ?’
ಸಿದರಾಯ ಬಾಯಿ ಬಿಡಲಿಲ್ಲ.
‘ಬಿಸಲು ತಿಂದದ’ ಅಂದರು ಸರ್.
‘ಹೌದಾ? ಉದ್ರಿ ಬಿಸಲಿನ ಹೆಸರಿಗಿ ಬರೀಲೇನ್ರಿ?’

ನನ್ನ ಹಲಗೆಯ ಮುಂದೆ ನಿಂತಳು. ಮೂಗು ತಾಗುವಷ್ಟು ಬಗ್ಗಿ,
‘ಏ ಹುಡುಗಿ, ನನ್ನ ಪೇರಲಕ್ಕ ನೀಲಿ ಬಡದೀ,
ಇಂಥಾದ್ದು ಯಾವ ಗಿರಾಕಿ ಮುಟ್ತಾನ?’
ಬೈಯುತ್ತಲೇ ಬುಟ್ಟಿ ತಲೆಗೇರಿಸಿ ಹೊರಟವಳು
ಬಾಗಿಲಲ್ಲಿ ಸುಮ್ಮನೆ ತಿರುಗಿ ನೋಡಿದಳು.
ಬುಟ್ಟಿ ಇಳಿಸಲಿಲ್ಲ, ಬಹಳ ಹೊತ್ತು.
‘ಇಲ್ಲಿಂದ ಬರೋಬರಿ ಅದ.’

ಆಮೇಲೆ ವಾಪಸು ಬಂದು, ಕೇಳದೆ, ಹಸಿ ಚಿತ್ರವನ್ನೇ
ತಕ್ಕಡಿಗೆ ಹಾಕಿದಳು. ನಾವು ನಗುತ್ತಿದ್ದೆವು; ಅವಳಿಲ್ಲ.
ಕಾಲು ಕಿಲೋ, ಮೇಲೊಂದು ನಿಂಬೆ.
‘ಹಣ್ಣು ಇಳದದ, ಇದು ಏರೇದ’ ಅಂದಳು,
ಸೆರಗಿಗೆ ಹತ್ತಿದ ನೀಲಿ ನೋಡಿಕೊಳ್ಳದೆ.

ಆ ದಾಳಿಂಬೆ ಸಂಜೆಯೇ ಮಾರಿಹೋದವು
ಸಿಂದಗಿ ಬಸ್ಸಿಗೆ ಓಡುತ್ತಿದ್ದ ಯಾರಿಗೋ.
ಪೇರಲ ನನಗೆ ಸಿಕ್ಕಿತು.
ಗಿಳಿ ಬಿಟ್ಟಲ್ಲಿಂದಲೇ ಶುರುಮಾಡಿದೆ.
ಬೆರಳಿನ ಬಣ್ಣ ತೊಳೆದಿರಲಿಲ್ಲ;
ಮನೆ ತಲುಪುವವರೆಗೂ
ಹಲ್ಲಿಗೆ ಅಂಟಿದ್ದು ಬೀಜವೋ ನೆರಳೋ
ನಾಲಿಗೆಗೆ ತಿಳಿಯಲಿಲ್ಲ.