ಇತರೆ

ಮಾಜಾಳಿಯ ದಂಡೆಯಲ್ಲಿ ಈಗ ರಂಪಣಿ ಎಳೆಯುವುದು
ತಿಂಗಳಿಗೆರಡು ಸಲ, ಕಚೇರಿಯ ಸೀಟಿ ಊದಿದ ಮೇಲೆ.
ಕೈಯಿದ್ದವರೆಲ್ಲ ಬರಬೇಕು. ಬರುತ್ತಾರೆ.
ಹಸಿ ಬಾಣಂತಿಯೂ ಬಂದು ಹಗ್ಗದ ತುದಿ ಮುಟ್ಟಿ ಹೋಗುತ್ತಾಳೆ,
ಹರಕೆ ತೀರಿಸಿದ ಹಾಗೆ.

ನಾನು ಎಳೆಯುವವನಲ್ಲ. ಬರೆಯುವವನು.
ಒದ್ದೆಯಾಗದ ಮರಳಲ್ಲಿ ನನಗೊಂದು ಕುರ್ಚಿ,
ಮೊಣಕಾಲ ಮೇಲೆ ಉದ್ದ ಖಾತೆ ಪುಸ್ತಕ:
ಬಂಗಡೆ, ತಾರ್ಲೆ, ನೊಗ್ಲಿ, ಶೆಟ್ಲಿ,
ಕೊನೆಗೆ, ಅಂಚಿಗೆ ಒತ್ತಿಕೊಂಡು, ಇತರೆ.
ಮೊದಲು ಆ ಕಾಲಮ್ಮಿಗೆ ಹೋಗುತ್ತಿದ್ದದ್ದು
ಲೋಳೆಮೀನು, ಮುರಿದ ಹುಟ್ಟು, ಯಾರದೋ ಒಂಟಿ ಚಪ್ಪಲಿ.

ತಾರಾಮತಿ ಕೇಳಿದ್ದು ದೊಡ್ಡದೇನಲ್ಲ.
ಪಾಲೆಂದರೆ ಇಪ್ಪತ್ತು ಬಂಗಡೆ. ಬುಟ್ಟಿ ಅಲ್ಲಾಡಿಸಿ ನೋಡಿ
"ಒಂದು ಕಮ್ಮಿ ಇದೆಯಲ್ಲ" ಅಂದಳು.
ಎಲ್ಲರ ಬುಟ್ಟಿಯಲ್ಲೂ ಕಮ್ಮಿಯಿತ್ತು.
ವರ್ಷದಿಂದ ಇತ್ತು. ಲೆಕ್ಕ ಬರೆದವನು ನಾನು, ನನಗೆ ಗೊತ್ತಿರದೆ?
ಅವಳು ನಮ್ಮ ಮುಖ ನೋಡಿದಳು, ಸಾಲಾಗಿ, ಒಂದೊಂದೇ.
ಆ ಹೊತ್ತಿಗೆ ಸರಿಯಾಗಿ ಪ್ರತಿಯೊಬ್ಬರಿಗೂ
ಬಲೆಯಲ್ಲಿ ಬಿಚ್ಚಿಹೋದ ಯಾವುದೋ ಗಂಟು ಕಂಡಿತು.
ಬಗ್ಗಿದೆವು.

ಅಮಾವಾಸ್ಯೆಗೆ ಬಲೆ ಭಾರವಾಗಿ ಬಂತು.
ಪುರ್ಸು ತಾಂಡೇಲ ಎಂದಿನಂತೆ ಕೂಗು ಕೊಟ್ಟ,
ಇನ್ನೂರು ಗಂಟಲು ಎಂದಿನಂತೆ ಓಗೊಟ್ಟವು.
ಕೂಗು ಜೋರಾಗಿದ್ದರೆ ಒಂದು ಅನುಕೂಲ:
ಬಲೆಯೊಳಗಿಂದ ಯಾರಾದರೂ
ಹೆಸರು ಹಿಡಿದು ಕರೆದರೆ ಕೇಳಿಸುವುದಿಲ್ಲ.
ಕೇಳಿಸಿತು. ಕರೆದದ್ದು ಜುಜೆಯನ್ನು.
ಒಂದೇ ಬಾವಿಯ ನೀರು ಕುಡಿದು ಬೆಳೆದವರು ಇಬ್ಬರೂ.

ಜುಜೆ ಹಗ್ಗ ಬಿಟ್ಟ.
ಬೈಯಲಿಲ್ಲ, ಅರಚಲಿಲ್ಲ. ಕೈ ತೆರೆದ, ಅಷ್ಟೇ.
ತೆರೆದ ಕೈಯನ್ನು ತಾನೇ ಬೆರಗಾಗಿ ನೋಡಿದ.
ಹಗ್ಗ ಒಂದು ಮಾರು ಕಡಲಿನತ್ತ ಜಾರಿತು.

ಆ ಒಂದು ಮಾರಿನ ಲೆಕ್ಕ ನನ್ನ ಪುಸ್ತಕದಲ್ಲಿಲ್ಲ.
ಇನ್ನೊಬ್ಬ ಬಿಟ್ಟಿದ್ದರೆ, ಇನ್ನಿಬ್ಬರು,
ಉಳಿದದ್ದನ್ನು ಕಡಲೇ ಮಾಡುತ್ತಿತ್ತು.
ಇಳಿತದ ಹೊತ್ತು ಅದು; ನೀರು ಅವಳ ಪರವಾಗಿತ್ತು.

ಸಾಲಿನಲ್ಲಿ ಒಂದು ಜಾಗ ಖಾಲಿ ಕಂಡಿತು.
ಯಾರೂ ನನ್ನನ್ನು ಕರೆಯಲಿಲ್ಲ. ಇದನ್ನು ಬರೆದಿಡಬೇಕು:
ಯಾರೂ ಕರೆಯಲಿಲ್ಲ.
ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿ ಎದ್ದು ಹೋಗಿ
ಹಿಡಿದೆ.
ಹಗ್ಗದಲ್ಲಿ ಜುಜೆಯ ಬೆವರು ಇನ್ನೂ ಬೆಚ್ಚಗಿತ್ತು.

ಬಂಗಡೆ ಅರವತ್ತು ಬುಟ್ಟಿ. ತಾರ್ಲೆ ಹನ್ನೊಂದು.
ನೊಗ್ಲಿ ಇಲ್ಲ. ಇತರೆ, ಒಂದು.
ಅದರ ಕೆಳಗೆ ಜುಜೆಗೆಂದು
ಒಂದು ಸಾಲು ಖಾಲಿ ಬಿಟ್ಟು ಗೆರೆ ಎಳೆದೆ.

ಆ ದಿನ ನನಗೆ ಎರಡು ಪಾಲು:
ಬರೆದದ್ದಕ್ಕೊಂದು, ಎಳೆದದ್ದಕ್ಕೊಂದು.
ಎರಡನೆಯದನ್ನು ಮನೆಯೊಳಗೆ ಒಯ್ಯಲಾಗಲಿಲ್ಲ.
ಕತ್ತಲಾದ ಮೇಲೆ ತಾರಾಮತಿಯ ಬಾಗಿಲು ಬಡಿದೆ.
ಮಗಳು ತಟ್ಟೆ ಹಿಡಿದು ಬಂದಳು. ಹದಿನಾರಿರಬೇಕು.
ಚಿಮಣಿ ಬೆಳಕಲ್ಲಿ ಕಂಡಿತು,
ಅವಳ ಅಂಗೈಗೂ ಅಡ್ಡಲಾಗಿ ಹಗ್ಗದ ಕೆಂಪು ಗೆರೆ.

ಮೀನು ಎಣಿಸಿದಳು, ಹತ್ತೊಂಬತ್ತರವರೆಗೆ.
ಬೆರಳು ಒಂದು ಗಳಿಗೆ ತಟ್ಟೆಯ ಮೇಲೆ ತಡವರಿಸಿತು.
ಆಮೇಲೆ ಬಾಗಿಲು ಹಾಕಿಕೊಂಡಳು.